ಮಳೆಗಾಲಕ್ಕೆ ಮುಳುಗುವ, ಬೇಸಿಗೆಗೆ ಏಳುವ ಶೆಟ್ಟಿಹಳ್ಳಿ ಚರ್ಚು

ಬೇಸಿಗೆ ರಜೆಯಲ್ಲಿ ಶೆಟ್ಟಿಹಳ್ಳಿಗೆ ಹೋಗಿ ಬಂದವರಿಗೂ ದಸರಾ ರಜೆಯಲ್ಲಿ ಹೋಗಿ ಬಂದವರಿಗೂ ಮಾತಿಗೆ ಮಾತು ಹತ್ತುವುದುಂಟು. "ಚರ್ಚಿನ ಒಳಗೆಲ್ಲ ಓಡಾಡಿದೆವು, ಪಕ್ಕದಲ್ಲೇ ದನ ಮೇಯುತ್ತಿದ್ದವು" ಎನ್ನುತ್ತಾರೆ ಒಬ್ಬರು. "ಅಲ್ಲಿ ನೆಲವೆಲ್ಲಿದೆ? ಎತ್ತ ನೋಡಿದರೂ ನೀರು. ತೆಪ್ಪದಲ್ಲಿ ಕೂತು ನೋಡಿದೆವು" ಎನ್ನುತ್ತಾರೆ ಇನ್ನೊಬ್ಬರು. ಮಕ್ಕಳೇ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಚರ್ಚು, ಎರಡು ಕಾಲ. ಅಷ್ಟೇ ವ್ಯತ್ಯಾಸ.

ಹಾಸನ ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ದಡದಲ್ಲಿ ಈ ಚರ್ಚು ಇದೆ. ಇದು ಜಪಮಾಲೆ ಮಾತೆಗೆ ಅರ್ಪಿಸಿದ ಚರ್ಚು. ಇಂಗ್ಲಿಷಿನಲ್ಲಿ ಇದನ್ನು ರೋಸರಿ ಚರ್ಚ್ ಎಂದು ಕರೆಯುತ್ತಾರೆ. ಮುಂಗಾರು ಹಿಡಿದು ಜಲಾಶಯ ತುಂಬಿದಾಗ ಕಮಾನುಗಳ ತಲೆ, ಗೋಡೆಗಳ ಮೇಲಂಚು ಮಾತ್ರ ನೀರಿನಿಂದ ಹೊರಗಿರುತ್ತವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಇಡೀ ಕಟ್ಟಡ ಬುಡದವರೆಗೆ ಕಾಣುತ್ತದೆ. ಆಗ ಒಣಗಿ ಬಿರುಕುಬಿಟ್ಟ ಮಣ್ಣಿನ ಮೇಲೆ ನಡೆದುಕೊಂಡೇ ಹೋಗಬಹುದು. ಮಳೆ ಕೈಕೊಟ್ಟ ವರ್ಷ ಚರ್ಚು ಪೂರ್ತಿ ಮುಳುಗುವುದೇ ಇಲ್ಲ.

ಮೊಮ್ಮಕ್ಕಳ ಕೈ ಹಿಡಿದು ಅಲ್ಲಿಗೆ ಹೋದ ಯಾವ ತಾತನಿಗೂ ಅಜ್ಜಿಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ: ಇದನ್ನು ಯಾರು ಕಟ್ಟಿದರು? ಯಾಕೆ ಹೀಗೆ ಕಟ್ಟಿದರು? ನೀರಿನಲ್ಲಿ ಯಾಕೆ ಬಿಟ್ಟರು? ಇಷ್ಟು ವರ್ಷವಾದರೂ ಯಾಕೆ ಬಿದ್ದಿಲ್ಲ? ಒಂದೊಂದಾಗಿ ನೋಡೋಣ.

ಕಡಲು ದಾಟಿ ಬಂದವರು

ಈ ಚರ್ಚು ಕಟ್ಟಿದ್ದು 1860ರ ದಶಕದಲ್ಲಿ. ಕಟ್ಟಿಸಿದವರು ಫ್ರಾನ್ಸ್ ದೇಶದಿಂದ ಬಂದ ಪಾದ್ರಿಗಳು. ಹಾಸನದ ಸೀಮೆಗೆ ಫ್ರೆಂಚರು ಬಂದದ್ದು ಹೇಗೆ ಎಂದು ಆಶ್ಚರ್ಯವಾಗಬಹುದು. ಅದಕ್ಕೆ ಇನ್ನೂ ಅರುವತ್ತು ವರ್ಷ ಹಿಂದಕ್ಕೆ ಹೋಗಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಬೆ ದುಬುವಾ ಎಂಬ ಫ್ರೆಂಚ್ ಪಾದ್ರಿ ಬಂದರು. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿದವರು ಅವರು. ನಮ್ಮ ಜನರಂತೆಯೇ ಉಟ್ಟು, ಉಂಡು, ಬಾಳಿದರು. ಜನ ಅವರನ್ನು 'ದೊಡ್ಡ ಸ್ವಾಮಿಯೋರು' ಎಂದು ಕರೆಯುತ್ತಿದ್ದರು. ನೆಲೆ ಕಳೆದುಕೊಂಡ ರೈತರಿಗಾಗಿ ಬೇಸಾಯದ ಊರುಗಳನ್ನು ಕಟ್ಟಲು ಅವರು ಶ್ರಮಿಸಿದರು. ಸಿಡುಬಿಗೆ ಲಸಿಕೆ ಎಂಬುದು ಇನ್ನೂ ಹೊಸದಾಗಿದ್ದ ಕಾಲದಲ್ಲಿ ಮೈಸೂರು ಸೀಮೆಯ ಜನಕ್ಕೆ ಅದನ್ನು ಹಾಕಿಸಿದವರಲ್ಲಿ ಅವರೂ ಒಬ್ಬರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು, ಆದರೆ ಅದೇ ಸಂಘದ ಪಾದ್ರಿಗಳು ಅವರ ನಂತರವೂ ಬರುತ್ತಲೇ ಇದ್ದರು. ಅವರು ಕನ್ನಡ ಕಲಿತರು, ಕನ್ನಡ–ಲ್ಯಾಟಿನ್ ನಿಘಂಟನ್ನೂ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ಶೆಟ್ಟಿಹಳ್ಳಿಯ ಚರ್ಚು ಈ ಸರಣಿಯಲ್ಲಿ ಬಂದದ್ದು. ಹತ್ತಿರದ ಆಲೂರು, ಸಕಲೇಶಪುರದ ಕಡೆಯ ತೋಟಗಳಲ್ಲಿದ್ದ ಬ್ರಿಟಿಷ್ ದೊರೆಗಳೂ ಇಲ್ಲಿಗೆ ಪೂಜೆಗೆ ಬರುತ್ತಿದ್ದರೆಂದು ಹೇಳುತ್ತಾರೆ. ಆದರೆ ವರ್ಷದ ಮುನ್ನೂರ ಅರುವತ್ತೈದು ದಿನವೂ ಇದರ ಗಂಟೆ ಕೇಳಿಸಿಕೊಂಡವರು ಊರಿನ ರೈತರು.

ಊರಿನ ಚರ್ಚೆಂದರೆ ಬರೀ ಭಾನುವಾರ ಹೋಗಿ ಬರುವ ಜಾಗವಲ್ಲ. ಒಂದು ಚರ್ಚು, ಅದಕ್ಕೆ ಸೇರಿದ ಊರು–ಹಟ್ಟಿಗಳು, ಅಲ್ಲಿನ ಮನೆಗಳು, ಇವೆಲ್ಲ ಸೇರಿದರೆ ಒಂದು 'ಧರ್ಮಕೇಂದ್ರ'. ಮಗು ಹುಟ್ಟಿದರೆ ಜ್ಞಾನಸ್ನಾನಕ್ಕೆ ಅಲ್ಲಿಗೇ ಒಯ್ಯಬೇಕು. ಮದುವೆ ಅಲ್ಲೇ. ಸತ್ತವರ ಕೊನೆಯ ಪ್ರಾರ್ಥನೆಯೂ ಅಲ್ಲೇ. ಮೂರನ್ನೂ ಪಾದ್ರಿಗಳು ದಫ್ತರದಲ್ಲಿ ಬರೆದಿಡುತ್ತಾರೆ. ಗಡಿಯಾರವಿಲ್ಲದ ಮನೆಗಳಿಗೆ ಚರ್ಚಿನ ಗಂಟೆಯೇ ಗಡಿಯಾರ. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಮೂರು ಹೊತ್ತೂ ಗಂಟೆ ಹೊಡೆಯುವುದು ಕಥೊಲಿಕ ಚರ್ಚುಗಳ ಹಳೆಯ ರೂಢಿ. ನಿಮ್ಮೂರಿನ ದೇವಸ್ಥಾನದ ಜಗುಲಿಯೋ ಮಸೀದಿಯ ಅಂಗಳವೋ ನಿಮ್ಮ ಅಜ್ಜ–ಅಜ್ಜಿಗೆ ಏನಾಗಿತ್ತೋ, ಶೆಟ್ಟಿಹಳ್ಳಿಯವರಿಗೆ ಈ ಚರ್ಚು ಅದೇ ಆಗಿತ್ತು.

ನಮಸ್ಕಾರದ ಕೈಯಂತಹ ಕಮಾನು

ಈಗ ಕಟ್ಟಡದ ಒಳಗೆ ಹೋಗೋಣ. ಮಾಡಿಲ್ಲ, ತಲೆಯ ಮೇಲೆ ಬರೀ ಆಕಾಶ. ಉದ್ದನೆಯ ಅಂಗಳ, ಎರಡೂ ಬದಿಗೆ ಸಾಲು ಕಮಾನುಗಳು. ಕೊನೆಯಲ್ಲಿ ಗೋಡೆ ಬಳಸಿಕೊಂಡು ಬಂದು ಎತ್ತರದ ಗೂಡಿನಂತಾಗುತ್ತದೆ. ಬಲಿಪೀಠವಿದ್ದ ಜಾಗ ಅದು. ನಮ್ಮ ದೇವಸ್ಥಾನಗಳಲ್ಲಿ ಗರ್ಭಗುಡಿ ಇರುವಂತೆ, ಚರ್ಚಿನಲ್ಲಿ ಎಲ್ಲರ ಕಣ್ಣು ಹೋಗುವುದು ಆ ಕಡೆಗೆ.

ಕಮಾನುಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಅವು ಕಾಮನಬಿಲ್ಲಿನಂತೆ ದುಂಡಗಿಲ್ಲ, ಮೇಲೆ ಹೋಗಿ ಮೊನಚಾಗಿ ಸೇರುತ್ತವೆ. ನಮಸ್ಕಾರಕ್ಕೆ ಕೈ ಜೋಡಿಸಿ. ಬೆರಳ ತುದಿಗಳು ತಾಗಿಕೊಂಡೇ ಇರಲಿ, ಮಣಿಕಟ್ಟುಗಳನ್ನು ಮಾತ್ರ ದೂರ ಸರಿಸಿ. ಅಂಗೈಗಳ ನಡುವೆ ಮೂಡಿತಲ್ಲ, ಅದೇ ಮೊನಚು ಕಮಾನಿನ ಆಕಾರ. ಈ ಬಗೆಯ ಕಟ್ಟಡಕ್ಕೆ ಗಾಥಿಕ್ ಶೈಲಿ ಎಂದು ಹೆಸರು. ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸ್ ಸುತ್ತಮುತ್ತಲ ಚರ್ಚುಗಳಲ್ಲಿ ಬೆಳೆದು ಯುರೋಪಿನಲ್ಲೆಲ್ಲ ಹರಡಿದ ಶೈಲಿ ಇದು. ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದಲ್ಲಿ ಕಟ್ಟಿಸಿದ್ದು ತಾವು ಹುಟ್ಟಿದ ನಾಡಿನ ರೂಪವನ್ನೇ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚನ್ನು ನೋಡಿದ್ದರೆ ಈ ಶೈಲಿ ನಿಮಗೆ ಪರಿಚಿತವೇ. ಅದು ಶೆಟ್ಟಿಹಳ್ಳಿಯದಕ್ಕಿಂತ ಸುಮಾರು ಎಪ್ಪತ್ತು ವರ್ಷ ಚಿಕ್ಕದು, 1930ರ ದಶಕದಲ್ಲಿ ಕಟ್ಟಲು ತೊಡಗಿದ್ದು.

ಕಮಾನಿನ ಗುಟ್ಟು ತಿಳಿಯಬೇಕಾದರೆ ಅದೇ ಹಾಸನ ಜಿಲ್ಲೆಯ ಬೇಲೂರಿಗೆ ಒಮ್ಮೆ ಹೋಗಿ ಬರಬೇಕು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ, ತೊಲೆಯ ಮೇಲೆ ಸೂರು. ಕಲ್ಲು ಎಷ್ಟು ಒತ್ತಿದರೂ ತಡೆಯುತ್ತದೆ, ಆದರೆ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಆದ್ದರಿಂದ ಕಲ್ಲಿನ ತೊಲೆಯನ್ನು ತೀರ ಉದ್ದ ಮಾಡುವಂತಿಲ್ಲ, ಕಂಬಗಳನ್ನು ತೀರ ದೂರ ನಿಲ್ಲಿಸುವಂತಿಲ್ಲ.

ಕಮಾನಿನ ಲೆಕ್ಕವೇ ಬೇರೆ. ಅಲ್ಲಿ ಯಾವ ಕಲ್ಲೂ ಯಾವ ಇಟ್ಟಿಗೆಯೂ ಬಾಗಬೇಕಾಗಿಲ್ಲ. ಒಂದು ಇನ್ನೊಂದನ್ನು ಒತ್ತುತ್ತದೆ, ಅದು ಮತ್ತೊಂದನ್ನು ಒತ್ತುತ್ತದೆ, ಹಾಗೆ ಭಾರ ಇಳಿದು ನೆಲ ಸೇರುತ್ತದೆ. ಹೀಗಾಗಿ ಚಿಕ್ಕ ಚಿಕ್ಕ ಇಟ್ಟಿಗೆಗಳಿಂದಲೇ ಅಗಲವಾದ ಬಾಯಿ ಬಿಟ್ಟು ಕಟ್ಟಬಹುದು. ಗಾಳಿ, ಬೆಳಕು ಧಾರಾಳವಾಗಿ ಬರುತ್ತವೆ.

ಮನೆಯ ಅಂಗಳದಲ್ಲೇ ಇದನ್ನು ಮಾಡಿ ನೋಡಬಹುದು. ಇಬ್ಬರು ಎದುರುಬದುರಾಗಿ ನಿಂತು, ಅಂಗೈಗೆ ಅಂಗೈ ಒತ್ತಿ, ಒಬ್ಬರ ಮೇಲೊಬ್ಬರು ವಾಲಿ. ಬೀಳುವುದಿಲ್ಲ, ನೀವೇ ಕಮಾನು! ಈಗ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಿ. ಕಾಲು ಜಾರತೊಡಗುತ್ತದೆ. ಕಮಾನು ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ತಳ್ಳುತ್ತದೆ ಎಂದು ಇದರಿಂದ ತಿಳಿಯಿತು. ಇನ್ನಿಬ್ಬರು ನಿಮ್ಮ ಹಿಮ್ಮಡಿಗೆ ಕಾಲು ಒತ್ತುಕೊಟ್ಟು ನಿಂತರೆ ಜಾರುವುದು ನಿಲ್ಲುತ್ತದೆ. ಗಾಥಿಕ್ ಕಟ್ಟಡಗಳಲ್ಲಿ ಗೋಡೆಗೆ ಹೊರಗಿನಿಂದ ಆತುಕೊಂಡಿರುವ ದಪ್ಪ ಕಂಬಗಳ ಕೆಲಸ ಇದೇ. ದುಂಡು ಕಮಾನಿಗಿಂತ ಮೊನಚು ಕಮಾನು ಹೊರಕ್ಕೆ ತಳ್ಳುವುದು ಕಡಿಮೆ. ಅಂದಕ್ಕಾಗಿ ಮಾತ್ರ ಅದನ್ನು ಮೊನಚು ಮಾಡಿದ್ದಲ್ಲ.

ಗಾರೆಯ ಗುಣ

ನಕಾಶೆ ಫ್ರಾನ್ಸಿನದಾದರೂ ಇಟ್ಟಿಗೆ ಈ ನೆಲದ್ದು, ಗಾರೆಯೂ ಇಲ್ಲಿನ ಬಗೆಯದೇ. ಸಿಮೆಂಟು ಬರುವ ಮುಂಚೆ ನಮ್ಮಲ್ಲಿ ಮನೆ, ಸೇತುವೆ, ಕೋಟೆ ಎಲ್ಲವನ್ನೂ ಕಟ್ಟಿದ್ದು ಸುಣ್ಣದ ಗಾರೆಯಿಂದ. ಗಾರೆ ಅರೆಯಲು ಗಾಣವಿರುತ್ತಿತ್ತು. ದುಂಡನೆಯ ಹಳ್ಳದಲ್ಲಿ ಕಲ್ಲಿನ ಗಾಲಿ, ಅದನ್ನು ಎಳೆದು ಸುತ್ತುವ ಎತ್ತುಗಳು. ಊರ ಹೊರಗೆ ಹಳೆಯ ಗಾರೆ ಗಾಣದ ಕಲ್ಲು ಬಿದ್ದಿದ್ದನ್ನು ನೋಡಿದ ಅಜ್ಜಂದಿರು ಈಗಲೂ ಇದ್ದಾರೆ, ಕೇಳಿ ನೋಡಿ.

ಶೆಟ್ಟಿಹಳ್ಳಿ ಚರ್ಚಿನ ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರಂತೆ ಎಂಬ ಮಾತು ಆ ಕಡೆಯಲ್ಲಿ ಪ್ರಚಾರದಲ್ಲಿದೆ. ಮಕ್ಕಳು ಇದನ್ನು ಕೇಳಿ, "ಗೋಡೆ ತಿನ್ನಬಹುದಾ?" ಎಂದು ನಗುತ್ತಾರೆ. ಆದರೆ ಇದು ನಗೆಮಾತಲ್ಲ. ಸುಣ್ಣದ ಗಾರೆಗೆ ಬೆಲ್ಲದ ನೀರು, ಮೊಟ್ಟೆಯ ಬಿಳಿ, ಕಡುಕ್ಕಾಯಿ ಎಂದೂ ಕರೆಯುವ ಅಳಲೆಕಾಯಿಯ ನೀರು ಬೆರೆಸುವುದು ದಕ್ಷಿಣ ಭಾರತದ ಗಾರೆಯವರಿಗೆ ಗೊತ್ತಿದ್ದ ವಿದ್ಯೆ. ಗಾರೆ ನಿಧಾನವಾಗಿ ಗಟ್ಟಿಯಾಗಲು, ಬಿರುಕು ಬಿಡದಂತೆ ಹಿಡಿದುಕೊಳ್ಳಲು ಅವು ನೆರವಾಗುತ್ತವೆ.

ಸುಣ್ಣದ ಕತೆಯೂ ಚೆಂದವಾಗಿದೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಆ ಅರಳಿದ ಸುಣ್ಣಕ್ಕೆ ಮರಳು ಬೆರೆಸಿ ಇಟ್ಟಿಗೆಯ ನಡುವೆ ಮೆತ್ತಿದರೆ, ವರ್ಷಗಟ್ಟಲೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ವಾಪಸು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಪ್ರಯಾಣ ಅದು.

ಒಂದು ನದಿ, ಎರಡು ಲೆಕ್ಕ

ಇನ್ನು ಮೂರನೆಯ ಪ್ರಶ್ನೆ: ನೀರಿನಲ್ಲಿ ಯಾಕೆ ಬಿಟ್ಟರು?

ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ, ಬಲ್ಲಾಳರಾಯನ ದುರ್ಗದ ಬಳಿ. ಸಕಲೇಶಪುರದ ಮೇಲಿಂದ ಹರಿದು, ಕೊನೆಗೆ ಕೃಷ್ಣರಾಜಸಾಗರದ ಹತ್ತಿರ ಕಾವೇರಿಯನ್ನು ಸೇರುತ್ತದೆ. ನಡುವೆ ಗೊರೂರು. 'ಹಳ್ಳಿಯ ಚಿತ್ರಗಳು' ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಅದು. ಅಜ್ಜ–ಅಜ್ಜಿಯರಲ್ಲಿ ಅನೇಕರು ಅವರನ್ನು ಓದಿ ನಕ್ಕವರೇ. ಆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಲಾಯಿತು. ಕೆಲಸ 1979ರಲ್ಲಿ ಮುಗಿಯಿತು.

ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಅದು ತುಂಬಿದಾಗ ಹಿಡಿಯುವ ನೀರು 37.103 ಟಿಎಂಸಿ. ಪತ್ರಿಕೆಯಲ್ಲಿ ದಿನವೂ ಓದುವ ಈ ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಟಿಎಂಸಿಯೆಂದರೆ ಸುಮಾರು 2,830 ಕೋಟಿ ಲೀಟರ್ ನೀರು! ಹೇಮಾವತಿಯ ನಾಲೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಹೋಗುತ್ತವೆ. ತುಮಕೂರಿನ ಮಕ್ಕಳು ನಲ್ಲಿ ತಿರುಗಿಸಿ ಕುಡಿಯುವ ನೀರಿನಲ್ಲೂ ಹೇಮಾವತಿಯ ಪಾಲಿದೆ.

ಅಷ್ಟು ನೀರು ನಿಲ್ಲಬೇಕಾದರೆ ಅದಕ್ಕೆ ಜಾಗ ಬೇಕು. ಅಣೆಕಟ್ಟಿನ ಹಿಂದಿದ್ದ ಹೊಲ, ತೋಟ, ಮನೆ, ಗುಡಿಗಳು ಆ ಜಾಗವಾದವು. ಶೆಟ್ಟಿಹಳ್ಳಿಯ ಜನ ಮನೆ ಖಾಲಿ ಮಾಡಿ ಎತ್ತರದ ಜಾಗಗಳಿಗೆ ಹೋದರು. ಪಾತ್ರೆ, ಪೆಟ್ಟಿಗೆ, ದನಕರು, ಮನೆಯ ತೊಲೆ–ಹೆಂಚುಗಳನ್ನೂ ಜನ ಹೊತ್ತೊಯ್ಯಬಹುದು. ಚರ್ಚನ್ನು ಹೊತ್ತೊಯ್ಯುವುದು ಹೇಗೆ?

ಇಲ್ಲಿ ಜಾಣ ಮಕ್ಕಳೊಬ್ಬರು ಕೇಳಬಹುದು: "ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಬೇರೆ ಕಡೆ ಸಾಗಿಸಿ ಕಟ್ಟಲಿಲ್ಲವೇ?" ಹೌದು, ಕಟ್ಟಿದರು. ಕೃಷ್ಣರಾಜಸಾಗರದ ನೀರಿನಲ್ಲಿ ದಶಕಗಳ ಕಾಲ ಮುಳುಗಿದ್ದ ಹೊಯ್ಸಳರ ಕಾಲದ ಆ ದೇಗುಲವನ್ನು ಕಲ್ಲು ಕಲ್ಲಾಗಿ ಬಿಡಿಸಿ, ಎತ್ತರದ ದಡದಲ್ಲಿ ಮತ್ತೆ ಜೋಡಿಸಿದರು. ಈಗ ಅಲ್ಲಿ ಜನ ನೆರೆಯುತ್ತಾರೆ. ಆದರೆ ಅದು ಕೆತ್ತಿದ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಗುಡಿ. ಒಂದೊಂದು ಕಲ್ಲಿಗೂ ಅಂಕಿ ಬರೆದು, ಬಿಚ್ಚಿ, ಅದೇ ಕ್ರಮದಲ್ಲಿ ಮತ್ತೆ ಕೂರಿಸಬಹುದು. ಚರ್ಚಿನ ಗೋಡೆ ಹಾಗಲ್ಲ. ಇಟ್ಟಿಗೆಯೂ ಗಾರೆಯೂ ಬೆಸೆದು ಒಂದೇ ಮೈಯಾಗಿವೆ. ಬಿಚ್ಚಹೊರಟರೆ ಪುಡಿಯಾಗುತ್ತದೆ. ನೂರು ವರ್ಷ ಚರ್ಚನ್ನು ನಿಲ್ಲಿಸಿದ ಗಟ್ಟಿಗಾರೆಯೇ, ಅದನ್ನು ಅಲ್ಲಿಂದ ಕದಲದಂತೆ ಕಟ್ಟಿಹಾಕಿತು.

ತುಮಕೂರಿನ ಮಗುವಿಗೆ ನೀರು ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಊರು ಬಿಟ್ಟವರ ಸಂಕಟ ಸಣ್ಣದು ಎನ್ನಲೂ ಬಾಯಿ ಬರಬಾರದು. ಎರಡು ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡುವುದನ್ನು ಶೆಟ್ಟಿಹಳ್ಳಿ ನಮಗೆ ಕಲಿಸುತ್ತದೆ. ಅಕ್ಟೋಬರ್ 7 ಜಪಮಾಲೆ ಮಾತೆಯ ಹಬ್ಬ. ಒಳ್ಳೆ ಮಳೆಯಾದ ವರ್ಷ ಆ ಹೊತ್ತಿಗೆ ಹಿನ್ನೀರು ಚರ್ಚಿನ ತುಂಬ ನಿಂತಿರುತ್ತದೆ. ಹಿಂದೆ ಹಬ್ಬದ ಬಟ್ಟೆ ತೊಟ್ಟು ಜನ ಮಂಡಿಯೂರುತ್ತಿದ್ದ ಜಾಗದಲ್ಲಿ ಮೀನುಗಳು ಓಡಾಡುತ್ತವೆ.

ಇನ್ನೆಷ್ಟು ಮಳೆಗಾಲ?

ಬೀಳದೆ ಹೇಗೆ ನಿಂತಿದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ಸಿಕ್ಕಿದೆ: ಒಂದನ್ನೊಂದು ಒತ್ತಿ ಹಿಡಿದ ಕಮಾನುಗಳು, ದಪ್ಪ ಗೋಡೆ, ಒಳ್ಳೆಯ ಗಾರೆ. ಇನ್ನರ್ಧ ಉತ್ತರ ಅಷ್ಟು ಸಂತೋಷದ್ದಲ್ಲ. ಚರ್ಚು ಬೀಳುತ್ತಲೇ ಇದೆ, ನಿಧಾನವಾಗಿ.

ಸದಾ ನೀರಿನೊಳಗೇ ಇರುವುದಕ್ಕಿಂತ, ನೆನೆಯುವುದು ಒಣಗುವುದು, ಮತ್ತೆ ನೆನೆಯುವುದು ಒಣಗುವುದು ಇಟ್ಟಿಗೆಗೆ ಹೆಚ್ಚು ಕೇಡು. ಪ್ರತಿ ವರ್ಷ ನೀರಿನ ಜೊತೆ ಒಳಹೋದ ಉಪ್ಪು, ಬೇಸಿಗೆಯಲ್ಲಿ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಉದುರಿಸುತ್ತದೆ. ಅಲೆಗಳು ಸಂದಿನ ಗಾರೆಯನ್ನು ತೊಳೆಯುತ್ತವೆ. ಮಾಡು ಇಲ್ಲದ್ದರಿಂದ ಮಳೆ ನೇರವಾಗಿ ಗೋಡೆಯ ನೆತ್ತಿಗೆ ಬೀಳುತ್ತದೆ. ಹಕ್ಕಿ ಹಾಕಿದ ಬೀಜ ಬಿರುಕಿನಲ್ಲಿ ಮೊಳೆತು ಬೇರು ಬಿಟ್ಟರೆ ಬಿರುಕು ಇನ್ನಷ್ಟು ಅಗಲವಾಗುತ್ತದೆ. ಈಚಿನ ವರ್ಷಗಳ ಮಳೆಗೆ ಗೋಡೆಯ ಒಂದಷ್ಟು ಭಾಗ ಕುಸಿದೂ ಇದೆ. ಹಳೆಯ ಫೋಟೋಗಳಲ್ಲಿ ಕಾಣುವ ಚರ್ಚು ಇಂದು ಹೋದವರಿಗೆ ಪೂರ್ತಿಯಾಗಿ ಸಿಗುವುದಿಲ್ಲ.

ನೀರು, ಬೇರು ಮಾಡುವ ಕೆಲಸದ ಜೊತೆಗೆ ನಮ್ಮ ಕೈಚಳಕವೂ ಸೇರಿಕೊಂಡಿದೆ. ಗೋಡೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುವವರು, ಮೊಳೆಯಿಂದ ಹೆಸರು ಗೀಚುವವರು, ನೆನಪಿಗೆಂದು ಇಟ್ಟಿಗೆ ಚೂರು ಜೇಬಿಗಿಳಿಸುವವರು. ಒಬ್ಬರು ತೆಗೆದರೆ ಒಂದು ಚೂರು. ವರ್ಷಕ್ಕೆ ಸಾವಿರಾರು ಜನ ಬರುವ ಜಾಗದಲ್ಲಿ ಅದು ಒಂದು ಗೋಡೆ.

ಹಾಗಾದರೆ ಹೋಗಬಾರದೇ? ಹೋಗಿ, ಖಂಡಿತ ಹೋಗಿ. ಗೋಡೆಯ ಮೇಲೆ ಹತ್ತಬೇಡಿ, ಸಡಿಲವಾದ ಕಮಾನಿನ ಕೆಳಗೆ ಕೂತು ಬುತ್ತಿ ಬಿಚ್ಚಬೇಡಿ. ನೀರಿದ್ದಾಗ ಈಜಲು ಇಳಿಯಬೇಡಿ. ಹೂಳಿನ ಕೆಸರು ಎಷ್ಟು ಆಳವಿದೆಯೆಂದು ಮೇಲಿಂದ ತಿಳಿಯುವುದಿಲ್ಲ. ತೆಪ್ಪ ಹತ್ತುವುದಾದರೆ ಜೀವರಕ್ಷಕ ಜಾಕೆಟ್ ಇದೆಯೇ ಎಂದು ಕೇಳಿಯೇ ಹತ್ತಿ. ಒಳಗೆ ಕಾಲಿಡುವಾಗ ಚಪ್ಪಲಿ ಬಿಡಬೇಕಾಗಿಲ್ಲ, ಆದರೆ ದನಿ ಸ್ವಲ್ಪ ತಗ್ಗಿಸಿ. ಪೂಜೆ ನಿಂತಿದ್ದರೂ ಕೆಲವರ ತಾತ–ಮುತ್ತಾತಂದಿರ ಮದುವೆ ನಡೆದ ಜಾಗ ಅದು.

ಅಷ್ಟು ದೂರ ಹೋಗಲಾಗದವರು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಈ ಭಾನುವಾರ ಒಂದು ನೋಟುಪುಸ್ತಕ ಹಿಡಿದು ಅಜ್ಜಿಯ ಅಥವಾ ತಾತನ ಪಕ್ಕ ಕೂತುಕೊಳ್ಳಿ. ನಿಮ್ಮೂರಿನ ಗುಡಿಯೋ ಮಸೀದಿಯೋ ಚರ್ಚೋ ಹಳೆಯ ಶಾಲೆಯೋ ಯಾವ ಕಾಲದ್ದು, ಯಾರು ಕಟ್ಟಿದ್ದು, ಗಾರೆಗೆ ಏನು ಬೆರೆಸಿದ್ದರಂತೆ, ಅಲ್ಲಿ ಯಾವ ಜಾತ್ರೆ ನಡೆಯುತ್ತಿತ್ತು, ಯಾವುದು ಬಿದ್ದುಹೋಯಿತು, ಎಲ್ಲವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮೇಲೆ ತಾರೀಖು ಹಾಕಲು ಮರೆಯಬೇಡಿ. ಶೆಟ್ಟಿಹಳ್ಳಿಯ ಚರ್ಚು ತುಂಬಿದ್ದ ದಿನಗಳನ್ನು ಕಣ್ಣಾರೆ ಕಂಡವರಿಗೆ ಈಗ ತಲೆ ನರೆತಿದೆ. ಪ್ರತಿ ಮಳೆಗಾಲ ಕಳೆದಾಗಲೂ ಒಂದಿಷ್ಟು ಇಟ್ಟಿಗೆ ಕಡಿಮೆಯಾಗುತ್ತದೆ, ಒಂದಿಷ್ಟು ನೆನಪೂ. ಇಟ್ಟಿಗೆಯನ್ನು ಹಿಡಿದು ನಿಲ್ಲಿಸುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ನೆನಪನ್ನು ಬರೆದಿಡಲು ಒಂದು ಪೆನ್ನು ಸಾಕು.